ಕೇಳೋಕೆ ಮಾತ್ರ

ಪೆನ್ಷನ್ ಮೊಹಲ್ಲಾದ ನಸ್ರುಲ್ಲಾ ಕೊಡುವಾಗಲೇ ಹೇಳಿದ್ದ:
ಇದು ಕೇಳೋಕೆ ಮಾತ್ರ ಕಣಣ್ಣ,
ಮಾತಾಡೋಕೆ ಬರಲ್ಲ.
ಮೂರು ಸಾವಿರದ ಇನ್ನೂರು, ಜೊತೆಗೊಂದು ಚೀಲ ಆಲೂಗಡ್ಡೆ.
ಗುಬುಟ ತಿರುಗಿಸಿ ತೋರಿಸಿದ.
ಕರಕರ ಅಂತು, ಆಮೇಲೆ ಯಾರೋ ಕೆಮ್ಮಿದರು.
ಪೊಲೀಸರೂ ಕೆಮ್ಮುತ್ತಾರೆ ಅಂತ
ನನಗೆ ಗೊತ್ತಾಗಿದ್ದು ಅವತ್ತು.

ಅಲ್ಲಿಂದ ಅದು ಡ್ಯಾಶ್‌ಬೋರ್ಡಿನ ಮೇಲೆ,
ಟರ್ಕಿ ಟವಲಿನಡಿ, ಗಣಪನ ಪಕ್ಕ.
ಪಾಳ್ಯದ ತಿರುವಲ್ಲಿ ಜೀಪು, ಬಾಳ್ಳುಪೇಟೆಯಲ್ಲಿ ಬ್ಯಾರಿಕೇಡು,
ಆನೆಮಹಲಲ್ಲಿ ಸಾಹೇಬರು ಖುದ್ದು ನಿಂತಿದ್ದಾರೆ,
ಎಲ್ಲಾ ನನಗೆ ಮೊದಲೇ.
ಹತ್ತು ಟನ್ನಿನ ಗಾಡಿಗೆ ಹನ್ನೊಂದೂವರೆ ಹೇರಿ
ಘಾಟಿ ಇಳಿಯುವವನಿಗೆ ಇದಕ್ಕಿಂತ ದೇವರು ಬೇಕೆ.
ಅಪ್ಪನ ಕಾಲಕ್ಕೆ ಎದುರು ಬಂದವನು
ಮೂರು ಸಲ ಲೈಟು ಮಿಟುಕಿಸಿದರೆ ಸಾಕಿತ್ತು;
ನನಗೋ, ಕಿವಿಯೇ ಹೆಡ್‌ಲೈಟು.

ನಿಜ ಹೇಳಬೇಕೆಂದರೆ, ಆರು ತಿಂಗಳಾದ ಮೇಲೆ
ನಾನು ತಪ್ಪಿಸಿಕೊಳ್ಳಲು ಕೇಳುತ್ತಿರಲಿಲ್ಲ.
ಕಂಟ್ರೋಲಿನಲ್ಲಿ ಒಬ್ಬಳಿದ್ದಳು, ರಾತ್ರಿ ಪಾಳಿ.
ಹೈವೇ ಎರಡು, ಹೈವೇ ಎರಡು ಎನ್ನುವಾಗ
ಎರಡನೆಯ ಎರಡನ್ನು ತುಸು ಎಳೆಯುವಳು,
ಮಗುವನ್ನು ಶಾಲೆಗೆ ಎಬ್ಬಿಸುವ ಹಾಗೆ.
ಹೈವೇ ಎರಡು ಅಂದರೆ ಆ ಕೆಮ್ಮಿನವನು.
ಅವನಿಗೆ ಊಟದ ಡಬ್ಬಿ ಬಾರದ ದಿನ ನನಗೆ ಗೊತ್ತು,
ರಜೆ ಕೇಳಿ ಸಿಗದ ದಿನ ಗೊತ್ತು,
ಹೇಮಾವತಿ ಸೇತುವೆ ಮೇಲೆ ಬೈಕಿನವನ ಚಪ್ಪಲಿ
ಒಂದೇ ಸಿಕ್ಕಿದೆ ಎನ್ನುವಾಗ ದನಿ ನಿಂತದ್ದು ಗೊತ್ತು.
ಮುಖ ಗೊತ್ತಿರಲಿಲ್ಲ.
ಮುಖ ನೋಡುವುದು ಬೇಡವೆಂದೇ ಅಲ್ಲವೇ
ಮೂರು ಸಾವಿರದ ಇನ್ನೂರು ಕೊಟ್ಟದ್ದು.

ಪುಷ್ಯದ ಚಳಿ. ರಾತ್ರಿ ಎರಡು ದಾಟಿತ್ತು.
ಆಲೂರು ಕ್ರಾಸಿನಿಂದಲೇ ಅವಳು ಕರೆಯುತ್ತಿದ್ದಳು:
ಹೈವೇ ಎರಡು, ಮನೆಗೆ ಫೋನ್ ಮಾಡಿ, ಅರ್ಜೆಂಟು, ಓವರ್.
ಓವರ್ ಅಂದ ಮೇಲೆ ಬರೀ ಕರಕರ.
ಪಾಳ್ಯ ಕಳೆಯಿತು, ಹೈವೇ ಎರಡು.
ಬಾಳ್ಳುಪೇಟೆ, ಹೈವೇ ಎರಡು.
ಸಕಲೇಶಪುರ ದಾಟುವ ಹೊತ್ತಿಗೆ
ಅವಳು ಎಳೆಯುವುದನ್ನೇ ಬಿಟ್ಟಿದ್ದಳು.

ದೋಣಿಗಾಲ್ ಹತ್ತಿರ, ಮುಚ್ಚಿದ ಟೀ ಅಂಗಡಿ ಮುಂದೆ, ಜೀಪು.
ಒಳಗೆ ಮಂಕಿ ಟೋಪಿ ಹಾಕಿ ಬಾಯಿ ತೆರೆದು
ನಿದ್ದೆ ಹೋಗಿದ್ದ, ಒಬ್ಬನೇ.
ನಾನು ದಾಟಿಯೂ ಹೋದೆ.
ಆಮೇಲೆ ಬ್ರೇಕು.
ಹನ್ನೊಂದೂವರೆ ಟನ್ನು ಹಾಗೆಲ್ಲ ಒಮ್ಮೆಲೇ ನಿಲ್ಲುವುದಿಲ್ಲ,
ನಿಲ್ಲುವಷ್ಟರಲ್ಲಿ ಯೋಚನೆಗೆ ಸಮಯ ಸಿಕ್ಕಿತು,
ಬಹಳ ಸಿಕ್ಕಿತು.

ಗಾಜು ಬಡಿದೆ. ಸಾರ್, ನಿಮ್ಮನ್ನ ಕರೀತಿದಾರೆ.
ಯಾರು?
ಕಂಟ್ರೋಲು.
ಕೈಯ ಸೆಟ್ಟನ್ನು ತೊಡೆಗೆ ಕುಟ್ಟಿದ, ಬ್ಯಾಟರಿ ಸತ್ತಿತ್ತು.
ಜೀಪಿನದು ರಿಪೇರಿಗೆ ಹೋಗಿ ವಾರ.
ಮೊಬೈಲಿನಲ್ಲಿ ಟವರಿನ ಒಂದು ಗೆರೆಯೂ ಇಲ್ಲ.
ಆಮೇಲೆ ನಿಧಾನಕ್ಕೆ ನನ್ನ ಕಡೆ ತಿರುಗಿದ:
ನಿನಗೆ ಹೆಂಗಯ್ಯ ಗೊತ್ತು?

ಬಾಯಲ್ಲಿ ಹೇಳಲಿಲ್ಲ. ಕ್ಯಾಬಿನ್ನಿಗೆ ಹತ್ತಿಸಿ ಟವಲು ತೆಗೆದೆ.
ಗಣಪನ ಕೆಂಪು ದೀಪದಲ್ಲಿ ಇಬ್ಬರೂ ಕೂತೆವು.
ಹೈವೇ ಎರಡು, ನಿಮ್ಮ ಮಗಳನ್ನ
ಹಾಸನ ದೊಡ್ಡಾಸ್ಪತ್ರೆಗೆ ಸೇರಿಸಿದಾರೆ,
ರಕ್ತ ಬೇಕಂತೆ, ಕೇಳಿಸ್ತಿದೆಯಾ, ಓವರ್.
ಕೇಳಿಸ್ತಿದೆ, ಅಂದ ಅವನು
ನನ್ನ ಪೆಟ್ಟಿಗೆಗೆ ಬಾಯಿ ಹಚ್ಚಿ.
ಕೇಳಿಸ್ತಿದೆ ಕಣಮ್ಮ.
ಹೈವೇ ಎರಡು, ಎಂದಳು ಅವಳು.

ಜೀಪು ಹಾಸನದ ಕಡೆ ಹಾರಿ ಹೋಗುವಾಗ
ಹಿಂದಿನ ಒಂದು ದೀಪ ಉರಿಯುತ್ತಿರಲಿಲ್ಲ.

ಶಿವರಾತ್ರಿ ಕಳೆದು, ಹಾಡುಹಗಲು, ಬಾಳ್ಳುಪೇಟೆ.
ಗಾಡಿಗೆ ಕೈ ಅಡ್ಡ ಬಂತು. ಅವನೇ.
ಬಿಸಿಲಲ್ಲಿ ಇನ್ನೂ ಸಣ್ಣವನು;
ಎದೆಯ ಮೇಲೆ ಎಂ. ಟಿ. ಬಸವಾಚಾರ್ ಎಂದಿತ್ತು.
ಟೈಲ್ ಲೈಟಿಲ್ಲ, ಐನೂರು, ಎಂದು ಬರೆದ.
ತೂಕ ಕೇಳಲಿಲ್ಲ.
ರಸೀದಿ ಹರಿದು ಕೊಡುತ್ತಾ
ಹೆಣ್ಣು ಮಗು, ಅಂದ, ತಾಯಿ ಮಗು ಇಬ್ಬರೂ...
ಕೆಮ್ಮು ಬಂತು, ಮುಗಿಸಲಿಲ್ಲ.
ಟವಲಿನ ಕಡೆ ನೋಡಿದ:
ಅದು ಇನ್ನೂ ಇದೆಯೇನಯ್ಯ?
ಇಲ್ಲ ಸಾರ್, ಅಂದೆ.

ಅದೇ ಹೊತ್ತಿಗೆ ಟವಲಿನಡಿಯಿಂದ ಅವಳು,
ಹಗಲು ಪಾಳಿಗೆ ಬದಲಾಗಿದ್ದಳೇನೋ,
ಹೈವೇ ಎರಡು, ಹೈವೇ ಎರಡೂ.
ಅವನು ಸೊಂಟದ ಸೆಟ್ಟು ಎತ್ತಿದ,
ನನ್ನ ಮುಖದಿಂದ ಕಣ್ಣು ತೆಗೆಯದೆ.
ಅವನ ಬಾಯಲ್ಲೊಮ್ಮೆ, ನನ್ನ ಟವಲಿನಡಿ ಇನ್ನೊಮ್ಮೆ:
ಹೇಳಮ್ಮ, ಕೇಳಿಸ್ತಿದೆ.